ಕಣ್ಣಿನ ಕೆಳಗಿನ ಊತಕ್ಕೆ ಹಲ್ಲು ಕಿತ್ತ ಕಥೆ

ಕಣ್ಣಿನ ಕೆಳಗೆ ಊತ ಅಂತ ಎಂಟು ವರ್ಷದ ಒಂದು ನಾಯಿಯನ್ನು ಕರೆತಂದಿದ್ದರು. ನಾನೇ ಅದಕ್ಕೆ ಎರಡು ಸಲ ಆಂಟಿಬಯೋಟಿಕ್ ಕೊಟ್ಟು ಕಳಿಸಿದ್ದೆ. ಮಾತ್ರೆ ಇರುವಷ್ಟು ದಿನ ಊತ ಇಳಿಯುತ್ತಿತ್ತು. ಮಾತ್ರೆ ಮುಗಿದ ಮೂರು ವಾರಕ್ಕೆ ಮತ್ತೆ ಹಾಜರ್. ಮೂರನೇ ಸಲ ಬಂದಾಗ ಊತ ಒಡೆದು ಕೀವು ಸೋರುತ್ತಿತ್ತು. ಅಲ್ಲಿಯವರೆಗೂ ನಾನು ಕಣ್ಣಿಗೆ ಟಾರ್ಚ್ ಬಿಟ್ಟುಕೊಂಡು ಕೂತಿದ್ದೆ. ತುಟಿ ಎತ್ತಿ ನೋಡಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಮೇಲ್ದವಡೆಯ ಎಡಗಡೆ ನಾಲ್ಕನೇ ಪ್ರೀಮೋಲಾರ್, ಅಂದರೆ ಕೋರೆಹಲ್ಲಿನ ಹಿಂದಿನ ಸಾಲಿನ ಒಂದು ಹಲ್ಲು, ಒಡೆದಿತ್ತು. ಹಲ್ಲಿನ ಚಾರ್ಟಿನಲ್ಲಿ ನಾವು 208 ಅಂತ ಬರೆಯುವ ದೊಡ್ಡ ಹಲ್ಲು. ಕೆನ್ನೆ ಕಡೆಯಿಂದ ಒಂದು ಚಕ್ಕೆ ಎದ್ದು ಹೋಗಿ, ನಡುವೆ ಗುಂಡುಸೂಜಿ ಮೊನೆಯಷ್ಟು ಕಪ್ಪು ಚುಕ್ಕೆ ಕಾಣುತ್ತಿತ್ತು. ಹಲ್ಲಿನ ತಿರುಳು ಬಯಲಾದ ಜಾಗ ಅದು. ಅಲ್ಲಿಂದ ಸೋಂಕು ಒಳಗಿಳಿದು ಬೇರಿನ ತುದಿ ಮುಟ್ಟುತ್ತದೆ. ಈ ಹಲ್ಲಿನ ಬೇರುಗಳು ಕಣ್ಣಿನ ಕೆಳಭಾಗದವರೆಗೂ ಹೋಗಿರುವುದರಿಂದ ಕೀವು ಮುಖದ ಮೇಲೆ ದಾರಿ ಮಾಡಿಕೊಳ್ಳುತ್ತದೆ. ಮಾತ್ರೆಯಿಂದ ಕೀವು ಸ್ವಲ್ಪ ದಿನ ಅಡಗುತ್ತದೆ, ಅಷ್ಟೇ. ಸತ್ತ ತಿರುಳು ಅಲ್ಲೇ ಇರುತ್ತದಲ್ಲ.

‘ಆದ್ರೆ ಊಟ ಚೆನ್ನಾಗೇ ಮಾಡ್ತಾನಲ್ಲ ಡಾಕ್ಟ್ರೇ?’ ಅಂದರು ಮನೆಯವರು. ಈ ಪ್ರಶ್ನೆ ಕೇಳದ ದಿನವೇ ಇಲ್ಲ. ಹಲ್ಲು ನೋಯುತ್ತಿದ್ದರೂ ನಾಯಿ, ಬೆಕ್ಕು ತಿನ್ನುವುದನ್ನು ಬಿಡುವುದು ಕಮ್ಮಿ. ಇನ್ನೊಂದು ಪಕ್ಕದಲ್ಲಿ ಅಗಿಯುತ್ತವೆ, ಇಲ್ಲವೇ ಅಗಿಯದೆ ನುಂಗುತ್ತವೆ. ನಾನು ತುಟಿ ಎತ್ತಿ ಎರಡೂ ಪಕ್ಕ ತೋರಿಸಿದೆ. ನೋವಿದ್ದ ಪಕ್ಕದ ಹಲ್ಲಿನ ಮೇಲೆ ಗಟ್ಟಿಯಾಗಿ ಕಟ್ಟಿದ ದಪ್ಪ ಕಂದು ಗಾರೆ (ಟಾರ್ಟರ್), ಇನ್ನೊಂದು ಪಕ್ಕ ಹೆಚ್ಚುಕಮ್ಮಿ ಬೆಳ್ಳಗೆ. ಅಗಿಯದ ಪಕ್ಕದಲ್ಲಿ ಗಾರೆ ಜಾಸ್ತಿ ಕಟ್ಟುತ್ತದೆ. ಆಮೇಲೆ ಅವರು ಏನೂ ಕೇಳಲಿಲ್ಲ.

ಅರಿವಳಿಕೆ ಇಲ್ಲದೆ ಹಲ್ಲು ಕ್ಲೀನ್ ಮಾಡಿಕೊಡಿ ಅಂತ ಕೇಳುವವರು ಬಹಳ. ನಾನು ಮಾಡುವುದಿಲ್ಲ. ಕಣ್ಣಿಗೆ ಕಾಣುವ ಗಾರೆಯನ್ನು ಕೆರೆದರೆ ಹಲ್ಲು ಹೊಳೆಯುತ್ತದೆ ನಿಜ. ಆದರೆ ಕಾಯಿಲೆ ಇರುವುದು ವಸಡಿನ ಕೆಳಗೆ. ಎಚ್ಚರವಿರುವ ಪ್ರಾಣಿಯ ವಸಡಿನೊಳಗೆ ಪ್ರೋಬ್ ಅನ್ನುವ ಅಳತೆ ಕಡ್ಡಿ ಇಳಿಸಿ ಆಳ ಅಳೆಯಲು ಆಗುತ್ತದೆಯೇ? ನಾಯಿಯಲ್ಲಿ 3 ಮಿಲಿಮೀಟರ್‌ವರೆಗೆ ಸರಿ, ಬೆಕ್ಕಿನಲ್ಲಿ 1 ಮಿಲಿಮೀಟರ್ ದಾಟಿದರೆ ಅನುಮಾನ ಪಡಬೇಕು. ಇಷ್ಟು ಸಣ್ಣ ಲೆಕ್ಕವನ್ನು ಒದ್ದಾಡುವ ಬಾಯಲ್ಲಿ ಹಿಡಿಯುವುದು ಆಗದ ಮಾತು. ಎಕ್ಸ್‌ರೇ ಅಂತೂ ದೂರವೇ ಉಳಿಯಿತು.

ರಕ್ತ ಪರೀಕ್ಷೆ ಸರಿಯಾಗಿತ್ತು. ಅರಿವಳಿಕೆ ಕೊಟ್ಟು, ಶ್ವಾಸನಾಳಕ್ಕೆ ಕಫ್ (ಗಾಳಿ ತುಂಬಿ ಉಬ್ಬಿಸುವ ಪಟ್ಟಿ) ಇರುವ ಟ್ಯೂಬ್ ಹಾಕಿದೆ. ನೀರು, ರಕ್ತ ಕೆಳಗಿಳಿಯದಂತೆ ಗಂಟಲಲ್ಲಿ ಗಾಜ್ ಬಟ್ಟೆ ತುರುಕಿದೆ. ಆ ಬಟ್ಟೆಯ ತುದಿಗೆ ಉದ್ದ ದಾರ ಕಟ್ಟಿ ಬಾಯಿಂದ ಹೊರಗೆ ಬಿಟ್ಟಿರುತ್ತೇನೆ. ಮರೆತು ಒಳಗೇ ಬಿಟ್ಟರೆ ಪ್ರಾಣಕ್ಕೇ ಸಂಚಕಾರ.

ಬಾಯೊಳಗೆ ಇಟ್ಟು ತೆಗೆಯುವ ಎಕ್ಸ್‌ರೇಯಲ್ಲಿ ಬೇರಿನ ತುದಿಯ ಸುತ್ತ ಕಪ್ಪು ವಲಯ ಕಂಡಿತು. ಅಲ್ಲಿನ ಮೂಳೆ ಕರಗಿತ್ತು. ರೂಟ್ ಕೆನಾಲ್ ಮಾಡಿ ಇಂಥ ಹಲ್ಲನ್ನು ಎಷ್ಟೋ ಸಲ ಉಳಿಸಬಹುದು. ಆದರೆ ಇಲ್ಲಿ ಬಿರುಕು ವಸಡಿನ ಕೆಳಗೆ ಬಹಳ ಆಳಕ್ಕೆ ಹೋಗಿತ್ತು. ಕೀಳುವುದೇ ಸರಿ ಅನ್ನಿಸಿತು.

ಇಲ್ಲೊಂದು ಹಳೇ ಮಾತು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದೇ ಹಲ್ಲನ್ನು ನಾನು ಇಕ್ಕಳ ಹಾಕಿ ಎಳೆದಿದ್ದೆ. ಟಕ್ ಅಂತ ಸದ್ದಾಯಿತು. ಕೈಗೆ ಬಂದದ್ದು ಮೇಲಿನ ಭಾಗ ಮಾತ್ರ. ಮೂರು ಬೇರೂ ಒಳಗೇ ಉಳಿದವು. ಆಮೇಲೆ ಎರಡು ಗಂಟೆ ಅವುಗಳ ತುಂಡು ಹುಡುಕಿದೆ. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಮೂರು ದಿಕ್ಕಿಗೆ ಕಾಲು ಚಾಚಿ ನಿಂತ ಹಲ್ಲು ಇಡಿಯಾಗಿ ಹೊರಬರಲು ದಾರಿಯೇ ಇಲ್ಲ. ಮೊದಲು ಅದನ್ನು ಮೂರು ತುಂಡು ಮಾಡಬೇಕು.

ಈ ಸಲ ಹಾಗೇ ಮಾಡಿದೆ. ಮೊದಲು ಬುಪಿವಕೇನ್‌ನಿಂದ ಆ ಭಾಗದ ನರ ಮರಗಟ್ಟಿಸಿದೆ. ಮೂರನೇ ಪ್ರೀಮೋಲಾರ್‌ನ ಮೇಲೆ ತುಟಿಯೊಳಗೆ ಬೆರಳಿಟ್ಟರೆ ಮೂಳೆಯಲ್ಲಿ ಒಂದು ಕಿಂಡಿ ಸಿಗುತ್ತದೆ. ಸೂಜಿ ಅಲ್ಲಿಂದ ಒಳಗೆ. ಬೆಕ್ಕಿನಲ್ಲೂ ಮೋಟು ಮೂತಿಯ ನಾಯಿಯಲ್ಲೂ ಈ ಕಿಂಡಿಯ ಒಳಗಿನ ಕಾಲುವೆ ತೀರಾ ಗಿಡ್ಡ. ಸೂಜಿ ಜಾಸ್ತಿ ನುಗ್ಗಿದರೆ ಕಣ್ಣಿಗೇ ತಗಲುತ್ತದೆ. ಹಾಗಾಗಿ ಅವುಗಳಲ್ಲಿ ಕಿಂಡಿಯ ಬಾಯಲ್ಲೇ ನಿಲ್ಲಿಸುತ್ತೇನೆ.

ವಸಡನ್ನು ಮೂಳೆಯಿಂದ ಬಿಡಿಸಿ ಮೇಲೆತ್ತಿದೆ. ಬರ್ ಅನ್ನುವ ಸಣ್ಣ ಡ್ರಿಲ್ ಮೊನೆಯಿಂದ ಕೆನ್ನೆ ಕಡೆಯ ಮೂಳೆಯನ್ನು ಒಂದಿಷ್ಟು ಕೊರೆದು ಬೇರುಗಳು ಕಾಣುವಂತೆ ಮಾಡಿಕೊಂಡೆ. ಹಿಂದಿನ ಬೇರನ್ನು ಮೊದಲು ಬೇರ್ಪಡಿಸಿದೆ. ಆಮೇಲೆ ಮುಂದಿನ ಎರಡನ್ನು, ಅಂದರೆ ಕೆನ್ನೆ ಕಡೆಯದು ಮತ್ತು ಅಂಗುಳ ಕಡೆಯದನ್ನು ಸೀಳಿದೆ. ಈಗ ಅದು ಒಂದೊಂದೇ ಬೇರಿನ ಮೂರು ಹಲ್ಲು. ಸಂದಿಗೆ ಎಲಿವೇಟರ್ ಅನ್ನುವ ಹಲ್ಲು ಸಡಿಲಿಸುವ ಉಪಕರಣ ಇಟ್ಟು ನಿಧಾನಕ್ಕೆ ತಿರುವಿ ಹಿಡಿದೆ. ಹತ್ತರಿಂದ ಮೂವತ್ತು ಸೆಕೆಂಡು ಸುಮ್ನೆ ಹಿಡಿದಿರಬೇಕು. ಹಲ್ಲು ಮತ್ತು ಮೂಳೆ ನಡುವಿನ ನಾರುಗಳು ಆಗ ದಣಿದು ಹರಿಯುತ್ತವೆ. ಕಾಯಲಾಗದೆ ಅಲ್ಲಾಡಿಸಿದಿರೋ, ಮತ್ತೆ ಆ ಟಕ್. ಅಂಗುಳ ಕಡೆಯ ಬೇರು ಕೊನೆಗೆ, ಬೇಕೋ ಬೇಡವೋ ಅನ್ನುವಂತೆ ಬಂತು. ಎಕ್ಸ್‌ರೇ ಮತ್ತೆ ತೆಗೆದು, ಚೂರೂ ಉಳಿದಿಲ್ಲ ಅಂತ ನೋಡಿಕೊಂಡೆ.

ಹೊಲಿಗೆ ಬಿಚ್ಚಿಕೊಳ್ಳುವುದು ಹೆಚ್ಚಾಗಿ ಎಳೆತದಿಂದ. ವಸಡನ್ನು ಎಳೆದು ಮುಚ್ಚಿದರೆ ಎರಡು ದಿನಕ್ಕೆ ಬಾಯಿ ಬಿಡುತ್ತದೆ. ಎತ್ತಿದ ವಸಡಿನ ಒಳಮೈಯಲ್ಲಿ ಬೆಳ್ಳನೆಯ ಪೊರೆ ಇರುತ್ತದೆ. ಅದು ಹಿಗ್ಗುವುದಿಲ್ಲ. ಅದನ್ನು ಮಾತ್ರ ಕತ್ತರಿ ತುದಿಯಿಂದ ಬಿಡಿಸಿದರೆ ವಸಡು ಒಮ್ಮೆಲೇ ಸಡಿಲವಾಗಿ ತಾನಾಗೇ ಗಾಯದ ಮೇಲೆ ಬಂದು ಕೂರುತ್ತದೆ. ಕರಗುವ ಸಣ್ಣ ದಾರದಲ್ಲಿ ಹೊಲಿದೆ.

ಬೆಕ್ಕುಗಳ ಕಥೆಯೇ ಬೇರೆ. ಅವುಗಳ ಹಲ್ಲು ಎಷ್ಟೋ ಸಲ ತಾನಾಗೇ ಕರಗುತ್ತಾ ಹೋಗುತ್ತದೆ. ಬೇರು ಮೂಳೆಯಾಗಿ ಬದಲಾಗಿದೆಯೋ ಇಲ್ಲವೋ ಅನ್ನುವುದು ಎಕ್ಸ್‌ರೇ ಇಲ್ಲದೆ ತಿಳಿಯದು. ಇನ್ನೊಂದು ವಿಷಯ, ಬೆಕ್ಕಿನ ಬಾಯಿ ತೆರೆದಿಡಲು ಸ್ಪ್ರಿಂಗ್ ಇರುವ ಗ್ಯಾಗ್ ಬಳಸಬೇಡಿ. ಬಾಯಿ ತುಂಬಾ ಹೊತ್ತು ಅಗಲವಾಗಿ ತೆರೆದಿದ್ದರೆ ರಕ್ತನಾಳ ಅದುಮಿ ದೃಷ್ಟಿಯೇ ಹೋಗಬಹುದು. ನಮ್ಮಲ್ಲಿದ್ದ ಗ್ಯಾಗನ್ನು ನಾನು ಕಸಕ್ಕೆ ಹಾಕಿದೆ.

ಮನೆಗೆ ಕಳಿಸುವಾಗ ನೋವಿನ ಔಷಧಿ ಕೊಟ್ಟೆ. ಎರಡು ವಾರ ಮೆತ್ತನೆಯ ಊಟ, ಗಟ್ಟಿ ಆಟಿಕೆ ಬೇಡ ಅಂದೆ. ಗಾಯ ಮಾಯ್ದ ಮೇಲೆ ದಿನಾ ಬ್ರಷ್ ಮಾಡಿ, ಆದರೆ ನಿಮ್ಮ ಪೇಸ್ಟ್ ಹಾಕಬೇಡಿ ಅಂತಲೂ ಹೇಳಿದೆ. ಕೆಲವು ಪೇಸ್ಟ್‌ಗಳಲ್ಲಿರುವ ಜೈಲಿಟಾಲ್ ನಾಯಿಗೆ ವಿಷ.

ಎರಡು ವಾರಕ್ಕೆ ಬಂದಾಗ ಊತ ಇರಲಿಲ್ಲ. ಕೀವು ಸೋರಿದ ತೂತು ಮುಚ್ಚಿ ಅಲ್ಲಿ ಕೂದಲೂ ಚಿಗುರುತ್ತಿತ್ತು. ಹಲ್ಲು ಒಡೆದದ್ದು ನಾಯಿ ಕಡಿಯುತ್ತಿದ್ದ ಜಿಂಕೆ ಕೊಂಬಿನಿಂದ. ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿ ವಸ್ತು ನಾಯಿ ಬಾಯಿಗೆ ಬೇಡ ಅಂತ ಹಿಂದಿನ ಸಲವೇ ಹೇಳಿದ್ದೆ.

‘ಕೊಂಬು ಎಸೆದ್ರಾ?’ ಅಂತ ಕೇಳಿದೆ.

‘ಇಲ್ಲ ಡಾಕ್ಟ್ರೇ, ಬೀರು ಮೇಲೆ ಎತ್ತಿಟ್ಟಿದ್ದೀವಿ. ದುಡ್ಡು ಕೊಟ್ಟು ತಂದಿದ್ದು ಅಲ್ವಾ. ಇವನು ದಿನಾ ಹೋಗಿ ಬೀರು ಮುಂದೆ ಕೂತ್ಕೊಳ್ತಾನೆ.’