ಬಸುರಿಯ ಬಾಯಿ, ಕೂಸಿನ ಹಲ್ಲು: ಚಿತ್ರದುರ್ಗದ ಮನೆಗಳಲ್ಲಿ ವಹಿಸಬೇಕಾದ ಆರೈಕೆ

ಕೂಸಿನ ಮೊದಲ ಹಲ್ಲು ಸಾಮಾನ್ಯವಾಗಿ ಆರನೇ ತಿಂಗಳ ಸುಮಾರಿಗೆ ಕಾಣಿಸಿಕೊಂಡರೂ ಹಾಲುಹಲ್ಲುಗಳು ರೂಪುಗೊಳ್ಳಲು ತೊಡಗುವುದು ತಾಯಿಯ ಹೊಟ್ಟೆಯಲ್ಲಿರುವಾಗಲೇ. ಆದ್ದರಿಂದ ಆರೈಕೆಯನ್ನು ಬಸುರಿಯ ಬಾಯಿಯಿಂದ, ಅವಳ ತಟ್ಟೆಯಿಂದ, ಚಿತ್ರದುರ್ಗ ಜಿಲ್ಲೆಯ ಮಟ್ಟಿಗಂತೂ ಮನೆಗೆ ಬರುವ ನೀರಿನಿಂದಲೇ ಆರಂಭಿಸಬೇಕು.

ಚಳ್ಳಕೆರೆ, ಮೊಳಕಾಲ್ಮೂರು, ಹೊಸದುರ್ಗದ ಕಡೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಪ್ರಮಾಣವು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ದಾಟಿರುತ್ತದೆ. ಮುಂದಿನ ಕಾಯಂ ಹಲ್ಲುಗಳ ಮೇಲ್ಪದರ ದವಡೆಯೊಳಗೆ ಕಟ್ಟಿಕೊಳ್ಳುವುದು ಮಗುವಿನ ಮೊದಲ ಕೆಲವು ವರ್ಷಗಳಲ್ಲಿ; ಆಗ ಇಂಥ ನೀರು ಹೊಟ್ಟೆಗೆ ಹೋದರೆ ಏಳೆಂಟು ವರ್ಷಕ್ಕೆ ಬರುವ ಹಲ್ಲುಗಳ ಮೇಲೆ ಬಿಳಿ ಪಟ್ಟೆಗಳೋ ಕಂದು ಕಲೆಗಳೋ ಮೂಡುತ್ತವೆ, ಎಷ್ಟು ಉಜ್ಜಿದರೂ ಅವು ಹೋಗುವುದಿಲ್ಲ. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದರ ಸಾಂದ್ರತೆ ಏರುತ್ತದೆ. ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತುಂಬಿ ತರುವ ಮನೆಗಳಲ್ಲಿಯೂ ಬೇಳೆ ಬೇಯಿಸಲು ನಲ್ಲಿ ನೀರನ್ನೇ ಸುರಿಯುವುದುಂಟು. ಬಸುರಿಯ ಅಡುಗೆಗೂ ಕೂಸಿನ ರಾಗಿಮಣ್ಣಿಗೂ ಘಟಕದ ನೀರನ್ನೇ ಬಳಸಬೇಕು. ತಾಯಿ ಯಾವ ನೀರು ಕುಡಿದರೂ ಎದೆಹಾಲಿನಲ್ಲಿ ಫ್ಲೋರೈಡ್ ಅತ್ಯಲ್ಪವಾಗಿರುತ್ತದೆ. ಮೊದಲ 6 ತಿಂಗಳು ನೀರನ್ನೂ ಕೊಡದೆ ಎದೆಹಾಲನ್ನಷ್ಟೇ ಉಣಿಸಬೇಕೆಂಬ ಮಾತಿಗೆ ಈ ಸೀಮೆಯಲ್ಲಿ ಇದೊಂದು ಹೆಚ್ಚಿನ ಕಾರಣ.

ಬಸುರಿನಲ್ಲಿ ಹಾರ್ಮೋನುಗಳ ಏರುಪೇರಿನಿಂದ ವಸಡು ಊದಿ, ಉಜ್ಜುವಾಗ ರಕ್ತ ಒಸರಬಹುದು. ಹೆದರಿ ಬ್ರಷ್ ಬಿಟ್ಟರೆ ತೊಂದರೆ ಹೆಚ್ಚುತ್ತದೆ. ಮೃದುವಾದ ಬ್ರಷ್ಷಿನಿಂದ ದಿನಕ್ಕೆ ಎರಡು ಸಲ ಉಜ್ಜಬೇಕು. ವಾಂತಿಯಾದ ಕೂಡಲೇ ಮಾತ್ರ ಉಜ್ಜಬಾರದು. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆಯಾದರೂ ಬಿಟ್ಟು ಉಜ್ಜಬೇಕು. ಬಸುರಿಯರು ಹಲ್ಲಿನ ಡಾಕ್ಟರ ಬಳಿ ಹೋಗಬಾರದೆಂಬ ನಂಬಿಕೆಗೆ ಆಧಾರವಿಲ್ಲ. ನಾಲ್ಕರಿಂದ ಆರನೇ ತಿಂಗಳು ಚಿಕಿತ್ಸೆಗೆ ಹೆಚ್ಚು ಅನುಕೂಲ. ತಾಯಿ ಕಾರ್ಡನ್ನು ಜೊತೆಗೆ ಒಯ್ಯಿರಿ. ಬಾಣಂತಿಗೆ ಊಟದ ನಂತರ ಎಲೆ, ಅಡಿಕೆ, ಕಡ್ಡಿಪುಡಿ ಕೊಡುವ ರೂಢಿಯನ್ನು ನಿಲ್ಲಿಸಬೇಕು. ಅಜ್ಜಿಯೊಂದಿಗೆ ವಾದಕ್ಕಿಳಿಯುವುದಕ್ಕಿಂತ ತಟ್ಟೆಯಲ್ಲಿ ಸೋಂಪಿಟ್ಟು ಸುಮ್ಮನಿರುವುದು ಜಾಣತನ.

ಬಾಣಂತನದ ಪಥ್ಯವೆಂದು ಸೊಪ್ಪು, ಹಣ್ಣು, ನೀರನ್ನು ಕಡಿಮೆ ಮಾಡುವುದೂ ತಪ್ಪು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದರಿಂದ ಮುದ್ದೆ, ನುಗ್ಗೆಸೊಪ್ಪಿನ ಸಾರು, ಮೊಟ್ಟೆ, ಮಜ್ಜಿಗೆಯ ಊಟಕ್ಕೆ ಬೇರೆ ಟಾನಿಕ್ಕು ಸಾಟಿಯಲ್ಲ. ಬಸುರಿ, ಬಾಣಂತಿಯರಿಗೆಂದು ಅಂಗನವಾಡಿಯಲ್ಲಿ ಕೊಡುವ ಮಾತೃಪೂರ್ಣ ಊಟವನ್ನು ತಪ್ಪಿಸಬಾರದು. ಕಬ್ಬಿಣದ ಮಾತ್ರೆಯನ್ನು ಬಸುರಿನಲ್ಲಿ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ನುಂಗಬೇಕು. ಅದರೊಂದಿಗೆ ಚಹಾವಾಗಲಿ ಕ್ಯಾಲ್ಸಿಯಂ ಮಾತ್ರೆಯಾಗಲಿ ಸೇರಬಾರದು.

ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ, ರಾಗಿಯನ್ನು ಮೊಳಕೆ ಕಟ್ಟಿಸಿ, ಒಣಗಿಸಿ, ಹುರಿದು ಬೀಸಿದ ಹಿಟ್ಟಿನ ಮಣ್ಣಿಯನ್ನು ಚಮಚ ಓರೆ ಮಾಡಿದರೂ ಜಾರದಷ್ಟು ಗಟ್ಟಿಯಾಗಿ ಕಾಸಿ ಉಣಿಸಬೇಕು. ಎರಡು ವರ್ಷದವರೆಗೆ ಸಕ್ಕರೆ, ಬೆಲ್ಲ ಬೇಡ. ಸಿಹಿ ಬೇಕೆನಿಸಿದರೆ ಕಿವುಚಿದ ಬಾಳೆಹಣ್ಣಿದೆ. ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವ ಪದ್ಧತಿ ಅಪಾಯಕರ, ಏಕೆಂದರೆ ವರ್ಷದೊಳಗಿನ ಮಗುವಿಗೆ ಜೇನುತುಪ್ಪದಿಂದ ಬಾಟುಲಿಸಂ ಎಂಬ ವಿಷಬಾಧೆ ತಗಲಬಹುದು. ಬಿಸಿ ನೋಡಲು ಮಣ್ಣಿಯನ್ನು ಮುಂಗೈ ಮೇಲೆ ಹಾಕಿ ನೋಡಿ. ತಾಯಿ ಬಾಯಿಗಿಟ್ಟ ಚಮಚವನ್ನೇ ಮಗುವಿಗಿಟ್ಟರೆ ಹುಳುಕು ತರುವ ಬ್ಯಾಕ್ಟೀರಿಯಾಗಳು ಎಂಜಲಿನೊಂದಿಗೆ ದಾಟುತ್ತವೆ. ಸಿಹಿ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಲಗಿಸಬೇಡಿ.

ಹಲ್ಲು ಬರುವ ಮುನ್ನ ಒದ್ದೆ ಬಟ್ಟೆಯನ್ನು ತೋರುಬೆರಳಿಗೆ ಸುತ್ತಿ ವಸಡು ಒರೆಸಿ. ಬಂದ ಮೇಲೆ ಪುಟ್ಟ ಬ್ರಷ್ಷಿಗೆ ಅಕ್ಕಿಕಾಳಿನಷ್ಟೇ ಪೇಸ್ಟ್ ಹಚ್ಚಿ ಉಜ್ಜಿ. ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರಿನವರು ಯಾವ ಪೇಸ್ಟ್ ಎಂದು ದಂತವೈದ್ಯರನ್ನು ಕೇಳಬೇಕು. ವಾರಕ್ಕೊಮ್ಮೆ ಮಗುವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ಬೆಳಕಿನಲ್ಲಿ ಮೇಲ್ತುಟಿಯನ್ನು ಮೆಲ್ಲಗೆ ಎತ್ತಿ ನೋಡಿ. ಮುಂದಿನ ಹಲ್ಲುಗಳಲ್ಲಿ ವಸಡಿನ ಅಂಚಿಗೆ ಸೀಮೆಸುಣ್ಣದಂಥ ಬಿಳಿಗೆರೆ ಕಂಡರೆ ಅದು ಹುಳುಕಿನ ಮೊದಲ ಹಂತ. ಕಾಣದಿದ್ದರೂ ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ತೋರಿಸಿಕೊಂಡು ಬರಬೇಕು; ಚಿತ್ರದುರ್ಗದಲ್ಲಿ ಎಸ್‌ಜೆಎಂ ದಂತ ಕಾಲೇಜಿದೆ, ದಾವಣಗೆರೆಯಲ್ಲಿ ಬಾಪೂಜಿ ದಂತ ಕಾಲೇಜೂ ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ಸೂ ಇವೆ. ಬಿಳಿಗೆರೆಯ ಹಂತದಲ್ಲಿ ವೈದ್ಯರು ಫ್ಲೋರೈಡ್ ವಾರ್ನಿಷ್ ಬಳಿಯಬಹುದು. ಅದು ಹಲ್ಲಿನ ಮೇಲ್ಮೈಗೆ ತೀರಾ ಅಲ್ಪ ಪ್ರಮಾಣದಲ್ಲಿ ಹಚ್ಚುವ ಲೇಪ, ದಿನವೂ ಕುಡಿಯುವ ನೀರಿನ ಫ್ಲೋರೈಡಿಗೆ ಅದನ್ನು ಹೋಲಿಸಿ ಬೇಡವೆನ್ನಬೇಕಾಗಿಲ್ಲ.