ಜರ್ಮನಿಯಲ್ಲಿ ರಿವರ್ಸ್ ತೆಗೆಯುವಾಗ ಬೀಪ್ ಏನು ಹೇಳುತ್ತೆ, ಏನು ಹೇಳಲ್ಲ

ದಾವಣಗೆರೆಯ ಮಂಡಿಪೇಟೆಯಲ್ಲಿ ಕಾರು ಹಿಂದಕ್ಕೆ ತೆಗೆದರೆ ಯಾರಾದರೊಬ್ಬರು ಡಿಕ್ಕಿ ತಟ್ಟುತ್ತಾ "ಬರ್ಲಿ, ಬರ್ಲಿ... ಹಾಂ, ಸಾಕು" ಅನ್ನುತ್ತಾರೆ. ಜರ್ಮನಿಗೆ ಹೋದ ಮೇಲೆ ಆ ಕೆಲಸ ಬಂಪರ್‌ನಲ್ಲಿ ಕೂತ ನಾಲ್ಕು ಸೆನ್ಸರ್‌ಗಳದ್ದು. ಅಲ್ಲಿ ಇದಕ್ಕೆ ‘ಐನ್‌ಪಾರ್ಕ್‌ಹಿಲ್ಫೆ’ ಅಥವಾ ಪಿಡಿಸಿ (ಪಾರ್ಕ್ ಡಿಸ್ಟೆನ್ಸ್ ಕಂಟ್ರೋಲ್) ಅಂತ ಹೆಸರು. ಸೆಕೆಂಡ್ ಹ್ಯಾಂಡ್ ಕಾರು ನೋಡುವಾಗ ಈ ಪದ ಹುಡುಕಿ. ಭಾರತದಲ್ಲಿ 2019ರ ಜುಲೈ 1ರಿಂದ ಹೊಸ ಕಾರಿಗೆ ಹಿಂದಿನ ಸೆನ್ಸರ್ ಕಡ್ಡಾಯ. ಐರೋಪ್ಯ ಒಕ್ಕೂಟದಲ್ಲಿ 2024ರ ಜುಲೈ 7ರಿಂದ ಕಡ್ಡಾಯವಾದರೂ, ಸೆನ್ಸರ್ ಬದಲು ಕ್ಯಾಮೆರಾ ಇದ್ದರೂ ನಡೆಯುತ್ತೆ. ಹೊಸ ಕಾರು ಅಂದಮಾತ್ರಕ್ಕೆ ಬೀಪ್ ಬರುತ್ತೆ ಅಂದುಕೊಳ್ಳಬೇಡಿ.

ಸೆನ್ಸರ್ ನಮ್ಮ ಕಿವಿಗೆ ಕೇಳದ ಶಬ್ದ ಬಿಟ್ಟು, ಅದರ ಪ್ರತಿಧ್ವನಿಗೆ ಕಾಯುತ್ತೆ. ಒಂದು ಮೀಟರ್ ದೂರದ ಗೋಡೆಗೆ ಹೋಗಿ ಬರಲು ಸುಮಾರು 6 ಮಿಲಿಸೆಕೆಂಡ್. ಒಂದೂವರೆ ಮೀಟರಿನ ಆಸುಪಾಸಿನಲ್ಲಿ ಬೀಪ್ ಶುರು, ಹತ್ತಿರವಾದಂತೆ ಬಿರುಸು, ಸುಮಾರು 30 ಸೆಂಟಿಮೀಟರ್‌ನಲ್ಲಿ ಬಿಡದೆ ಒಂದೇ ಸ್ವರ. ಅಲ್ಲಿಗೆ ಬ್ರೇಕ್. ಇನ್ನೂ ಜಾಗ ಇದೆಯಲ್ಲ ಅಂತ ನುಗ್ಗಬೇಡಿ: ಸೆನ್ಸರ್ ಒಳಗೆ ಶಬ್ದ ಬಿಟ್ಟ ತೆಳು ಪರದೆಯೇ ಪ್ರತಿಧ್ವನಿಯನ್ನೂ ಕೇಳಬೇಕು, ಅದರ ಕಂಪನ ನಿಲ್ಲುವ ಮೊದಲೇ ಪ್ರತಿಧ್ವನಿ ಬಂದರೆ ಅಳತೆ ಸಿಗಲ್ಲ.

ಹೆಚ್ಚು ಮೋಸ ಆಗುವುದು ಗಿಡ್ಡ ವಸ್ತುಗಳಿಂದ. ಮೊಣಕಾಲೆತ್ತರದ ಕಲ್ಲು ದೂರದಲ್ಲಿ ಬೀಪ್ ಕೊಟ್ಟು, ಹತ್ತಿರ ಹೋದಾಗ ಶಬ್ದದ ಹರವಿಗಿಂತ ಕೆಳಗಾಗಿ ಸುಮ್ಮನಾಗುತ್ತೆ. ಬೀಪ್ ನಿಂತಿತು, ಕಲ್ಲು ಅಲ್ಲೇ ಇದೆ. ಸಣ್ಣ ಕಂಬ, ಎರಡು ಕಂಬದ ನಡುವಿನ ಸರಪಳಿ, ಓರೆ ಗೋಡೆ, ದಪ್ಪ ಉಣ್ಣೆಯ ಕೋಟು ತೊಟ್ಟವರು, ಇವೆಲ್ಲ ತಪ್ಪಿಹೋಗಬಹುದು. ಸ್ಟೀರಿಂಗ್ ತಿರುಗಿಸಿದಾಗ ಹೊರಳುವ ಮುಂದಿನ ಮೂಲೆಯನ್ನು ಹಿಂದಿನ ಸೆನ್ಸರ್ ಕಾಯಲ್ಲ. ಊರಲ್ಲಿ ಬಲಕ್ಕೆ ಕೂತು ರೂಢಿಯಾದವರಿಗೆ ಅಲ್ಲಿ ಎಡಕ್ಕೆ ಕೂತಾಗ ಬಲಗಡೆಯ ಮೂಲೆಯ ಅಂದಾಜೇ ಸಿಗಲ್ಲ.

ಏನೂ ಇಲ್ಲದೆ ಬೀಪ್ ಬಂದರೆ ಮೊದಲು ಹಿಮ, ಕೆಸರು ಒರೆಸಿ. ಚೂಪಾದ ವಸ್ತುವಿನಿಂದ ಕೆರೆಯಬೇಡಿ. ಹಿಂದೆ ಸೈಕಲ್ ಕ್ಯಾರಿಯರ್ ಹಾಕಿದ್ದರೆ ಸೆನ್ಸರ್ ಅದನ್ನೇ ಅಡ್ಡಿ ಅಂದುಕೊಳ್ಳುತ್ತೆ. ರಿವರ್ಸ್ ಹಾಕಿದ ಕೂಡಲೇ ಮೂರ್ನಾಲ್ಕು ಸೆಕೆಂಡು ಉದ್ದನೆ ಶಬ್ದ ಬಂದು ಆಮೇಲೆ ಮೌನವಾದರೆ, ಹಲವು ಕಾರುಗಳಲ್ಲಿ ಅದು ಕೆಟ್ಟಿರುವ ಗುರುತು. ಯಾವುದು ಕೆಟ್ಟಿದೆ ತಿಳಿಯಲು ಎಂಜಿನ್ ಆಫ್ ಇಟ್ಟು, ಇಗ್ನಿಷನ್ ಆನ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ರಿವರ್ಸ್‌ಗೆ ಹಾಕಿ ಒಂದೊಂದಕ್ಕೂ ಬೆರಳಿಡಿ. ಕೆಲಸ ಮಾಡುವುದು ಟಿಕ್‌ಟಿಕ್ ಅಂತ ಸಣ್ಣಗೆ ಮಿಡಿಯುತ್ತೆ, ಸತ್ತದ್ದು ತಣ್ಣಗೆ ಕೂತಿರುತ್ತೆ. ಬಂಪರ್ ಪೇಂಟ್ ಮಾಡಿಸುವಾಗ ಸೆನ್ಸರ್ ಮೇಲೆ ದಪ್ಪ ಪದರ ಬಿದ್ದರೂ ಇದೇ ಕಥೆ.

"ಬೀಪ್ ಬರಲಿಲ್ಲ" ಅನ್ನೋದು ಅಲ್ಲಿನ ಕಾನೂನಿಗೆ ನೆಪವಲ್ಲ. ಸಂಚಾರ ನಿಯಮದ 9ನೇ ಕಲಮಿನ ಪ್ರಕಾರ ಹಿಂದಕ್ಕೆ ತೆಗೆಯುವಾಗ ಯಾರಿಗೂ ಅಪಾಯವಾಗದಂತೆ ನೋಡಿಕೊಳ್ಳಬೇಕು, ಅಗತ್ಯವಿದ್ದರೆ ದಾರಿ ತೋರಿಸುವವರನ್ನು ನಿಲ್ಲಿಸಬೇಕು. ಮಂಡಿಪೇಟೆಯ "ಬರ್ಲಿ ಬರ್ಲಿ" ಅಲ್ಲಿ ಕಾನೂನಿನಲ್ಲೇ ಇದೆ ಅನ್ನಿ! ನಿಂತ ಕಾರಿಗೆ ತಾಗಿದರೆ ವೈಪರ್‌ಗೆ ಚೀಟಿ ಸಿಕ್ಕಿಸಿ ಹೊರಡಬೇಡಿ. ದಂಡಸಂಹಿತೆಯ 142ನೇ ಕಲಮಿನಡಿ ಅದು ಅಪಘಾತದ ಜಾಗದಿಂದ ಓಡಿಹೋದ ಅಪರಾಧವಾಗಬಹುದು. ಮಾಲೀಕರಿಗಾಗಿ ಕಾಯಿರಿ, ಬರದಿದ್ದರೆ ಪೊಲೀಸರಿಗೆ ಫೋನ್ ಮಾಡಿ: 110.