ಕೋಸಿನ ಹುಳು ಕೊನೆಗೂ ಹತೋಟಿಗೆ ಬಂತು

ಮಾಲೂರು ಕಡೆ ನಮ್ಮ ಅರ್ಧ ಎಕರೆ ಎಲೆಕೋಸಿಗೆ ವಜ್ರಬೆನ್ನಿನ ಪತಂಗದ ಹುಳು ಬಿದ್ದಿತ್ತು. ಎಲೆ ತಿರುಗಿಸಿದರೆ ತೆಳು ಹಸಿರು ಮರಿಗಳು. ಮುಟ್ಟಿದರೆ ಒದ್ದಾಡಿ, ನೂಲು ಹಿಡಿದು ಜೋತು ಬೀಳುತ್ತಿದ್ದವು. ಎರಡು ಸಲ ರಾಸಾಯನಿಕ ಹೊಡೆದರೂ ಬಗ್ಗಲಿಲ್ಲ. ಈ ಹುಳು ಔಷಧಿಗೆ ಬೇಗ ಒಗ್ಗಿಕೊಳ್ಳುತ್ತದೆ.

ಆಮೇಲೆ ಬಿಟಿ ಪುಡಿ ತಂದೆ. ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಅನ್ನೋ ಬ್ಯಾಕ್ಟೀರಿಯಾ ಅದು. ಮೊದಲ ಸಲ ಬೆಳಗ್ಗೆ 11 ಗಂಟೆಗೆ, ಸುಡು ಬಿಸಿಲಲ್ಲಿ ಹೊಡೆದೆ. ಏನೂ ಆಗಲಿಲ್ಲ. ತಪ್ಪು ಅಲ್ಲೇ ಇತ್ತು. ಬಿಸಿಲಿಗೆ ಇದರ ಶಕ್ತಿ ಬೇಗ ಹೋಗುತ್ತದೆ. ಮೇಲಾಗಿ ಕೋಸಿನ ಎಲೆ ಮೇಣದ ಹಾಗೆ, ನೀರೆಲ್ಲ ಮುತ್ತಾಗಿ ಜಾರಿ ಹೋಗಿತ್ತು.

ಎರಡನೇ ಸಲ ಸಂಜೆ 5 ಆದ ಮೇಲೆ ಹೊಡೆದೆ. ಲೀಟರ್ ನೀರಿಗೆ 1 ಗ್ರಾಂ ಪುಡಿ, ಜೊತೆಗೆ ಅಂಟು ದ್ರಾವಣ. ನಾಜಲ್ ಮೇಲಕ್ಕೆ ತಿರುಗಿಸಿ ಎಲೆಯ ಅಡಿಭಾಗ ಚೆನ್ನಾಗಿ ನೆನೆಸಿದೆ. ಇದು ಮೈಗೆ ತಾಗಿ ಕೊಲ್ಲುವ ವಿಷ ಅಲ್ಲ, ಹುಳು ತಿನ್ನಲೇಬೇಕು. ತಿಂದರೆ ಅದರ ಕರುಳಿನ ಕ್ಷಾರದಲ್ಲಿ ಬ್ಯಾಕ್ಟೀರಿಯಾದ ಪ್ರೋಟೀನ್ ಹರಳು ಕರಗಿ, ಕರುಳೇ ತೂತಾಗುತ್ತದೆ. ಮರುದಿನ ಹುಳುಗಳು ಜೀವಂತ ಇದ್ದವು, ಆದರೆ ಮೇಯುವುದು ನಿಂತಿತ್ತು. ಮೂರನೇ ದಿನ ಕಪ್ಪಗಾಗಿ ಎಲೆಗೆ ಅಂಟಿಕೊಂಡಿದ್ದವು. ವಾರ ಬಿಟ್ಟು ಇನ್ನೊಮ್ಮೆ ಹೊಡೆದೆ. ಬಲಿತ ಹುಳುಗಳಿಗೆ ಅಷ್ಟು ನಾಟುವುದಿಲ್ಲ, ಮರಿಯಿದ್ದಾಗಲೇ ಹೊಡೆಯಬೇಕು.

ನಮ್ಮ ಕೋಲಾರದವರು ಒಂದು ಗಮನಿಸಿ. 1901ರಲ್ಲಿ ಜಪಾನಿನಲ್ಲಿ ಈ ಬಿಟಿ ಬ್ಯಾಕ್ಟೀರಿಯಾ ಮೊದಲು ಸಿಕ್ಕಿದ್ದೇ ಸಾಯುತ್ತಿದ್ದ ರೇಷ್ಮೆ ಹುಳುವಿನಲ್ಲಿ. ಹಾಗಾಗಿ ಪಕ್ಕದಲ್ಲೇ ರೇಷ್ಮೆ ಹುಳು ತಿನ್ನುವ ಹಿಪ್ಪುನೇರಳೆ ಇದ್ದರೆ ದಯವಿಟ್ಟು ಹೊಡೆಯಬೇಡಿ. ನಮಗೆ ಅದು ಎರಡು ಹೊಲ ಆಚೆ ಇದೆ. ಆದರೂ ಗಾಳಿ ಪೂರ್ತಿ ನಿಂತ ಮೇಲೆಯೇ ಪಂಪ್ ಹೊತ್ತೆ.